ಘಾಟಿ ಇಳಿಯುವ ಗಾಡಿಗೆ ವ್ಯಾಕ್ಯೂಮ್ ಪೈಪ್: ಬ್ರೇಕ್ ಬೂಸ್ಟರ್ ಮತ್ತು ಪಿಸಿವಿ ಜೋಡಿಸುವ ಕ್ರಮ

ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತಿದ್ದರೆ ತೊಂದರೆ ಬ್ರೇಕ್ ಆಯಿಲ್‌ನಲ್ಲಿ ಅಥವಾ ಲೈನಿನೊಳಗೆ ಸೇರಿದ ಗಾಳಿಯಲ್ಲಿ ಉಂಟು. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದು, ಎಷ್ಟು ಒತ್ತಿದರೂ ಗಾಡಿ ನಿಲ್ಲುತ್ತಿಲ್ಲವಾದರೆ ಮೊದಲು ನೋಡಬೇಕಾದದ್ದು ವ್ಯಾಕ್ಯೂಮ್, ಎಂದರೆ ಬ್ರೇಕಿಗೆ ನೆರವಾಗುವ ಗಾಳಿಯ ಎಳೆತ. ಈ ಎರಡನ್ನು ಗುರುತಿಸಲಾಗದೆ ಪ್ಯಾಡ್ ಬದಲಿಸಿ, ಡಿಸ್ಕ್ ಉಜ್ಜಿಸಿ, ಕೊನೆಗೆ ಮಾಸ್ಟರ್ ಸಿಲಿಂಡರನ್ನೂ ಹೊಸತು ಹಾಕಿಸಿದವರಿದ್ದಾರೆ. ಒಡೆದಿದ್ದದ್ದು ಒಂದಡಿ ಉದ್ದದ ರಬ್ಬರ್ ಪೈಪು.

ಮಂಗಳೂರು, ಉಡುಪಿಯ ಗಾಡಿಗಳಿಗೆ ಈ ಪೈಪಿನ ಮಹತ್ವ ಒಂದು ತೂಕ ಜಾಸ್ತಿ. ಇಲ್ಲಿಂದ ಮೂಡು ದಿಕ್ಕಿಗೆ ಹೊರಟರೆ ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ಯಾವುದಾದರೊಂದು ಘಾಟಿ ಹತ್ತಲೇಬೇಕು. ಹತ್ತಿದ್ದನ್ನು ಇಳಿಯಲೂ ಬೇಕು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಮಳೆ ಹೊಯ್ಯುವಾಗ ಕಾಲಿನ ಬಲಕ್ಕೆ ನೆರವಾಗುವುದು ಬೂಸ್ಟರ್. ಬೂಸ್ಟರಿಗೆ ಬಲ ಕೊಡುವುದು ಎಂಜಿನ್ ಎಳೆಯುವ ಗಾಳಿ. ಅದೇ ಎಳೆತ ಎಂಜಿನ್ನಿನ ಹೊಟ್ಟೆಯಲ್ಲಿ ಕೂಡುವ ಹೊಗೆ, ಆವಿಯನ್ನೂ ಹೊರಗೆ ತೆಗೆಯುತ್ತದೆ. ಆ ಕೆಲಸದ ವ್ಯವಸ್ಥೆಗೆ ಪಿಸಿವಿ ಎನ್ನುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಬ್ರೀದರ್. ಎರಡೂ ಒಂದೇ ಬಾವಿಯ ನೀರು ಸೇದುತ್ತವೆ, ಆದರೆ ಹಗ್ಗ ಬೇರೆ ಬೇರೆ ಇರಬೇಕು. ಜೋಡಿಸುವಾಗ ಆಗುವ ಹೆಚ್ಚಿನ ತಪ್ಪುಗಳು ಇದನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ಎಳೆತದ ಲೆಕ್ಕ

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಗಾಳಿಯ ಬಾಗಿಲಾದ ಥ್ರಾಟಲ್ ಮುಚ್ಚಿರುತ್ತದೆ, ಪಿಸ್ಟನ್ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ 430ರಿಂದ 530 ಮಿಲಿಮೀಟರ್, ಅಂದರೆ ಗೇಜಿನಲ್ಲಿ 17ರಿಂದ 21 ಇಂಚು ವ್ಯಾಕ್ಯೂಮ್ ನಿಲ್ಲುತ್ತದೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಮುಳ್ಳು ಅಲುಗಾಡುವುದಿಲ್ಲ.

ಬೂಸ್ಟರಿನೊಳಗೆ ಒಂದು ಅಗಲವಾದ ರಬ್ಬರ್ ಡಯಾಫ್ರಾಮ್ ಇದೆ. ಪೆಡಲ್ ಒತ್ತದಿರುವಾಗ ಅದರ ಎರಡೂ ಬದಿಗೆ ವ್ಯಾಕ್ಯೂಮ್ ಇರುತ್ತದೆ. ಒತ್ತಿದಾಗ ಪೆಡಲಿನ ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ, ಆ ಒತ್ತಡ ಡಯಾಫ್ರಾಮನ್ನು ಮುಂದಕ್ಕೆ ದೂಡುತ್ತದೆ. 8 ಇಂಚಿನ ಡಯಾಫ್ರಾಮಿಗೆ 500 ಮಿಲಿಮೀಟರ್ ವ್ಯಾಕ್ಯೂಮ್ ಸಿಕ್ಕಿದರೆ ಲೆಕ್ಕಕ್ಕೆ ಸುಮಾರು 220 ಕಿಲೋ ಬಲ ಬರುತ್ತದೆ, 9 ಇಂಚಿನದಕ್ಕೆ 280 ಕಿಲೋ. ವ್ಯಾಕ್ಯೂಮ್ ಅರ್ಧವಾದರೆ ಈ ಬಲವೂ ಅರ್ಧ. ಉಳಿದದ್ದನ್ನು ಕಾಲೇ ಕೊಡಬೇಕು.

ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡವೇ ಇಳಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಅದು 660 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ 19 ಇಂಚು ತೋರಿಸುತ್ತಿದ್ದ ಎಂಜಿನ್ ಅಲ್ಲಿ 15, 16 ತೋರಿಸಿದರೆ ಎಂಜಿನ್ ಕೆಟ್ಟಿಲ್ಲ. ಆದರೆ ಮಂಗಳೂರಿನಲ್ಲೇ ಪೈಪ್ ಸೋರಿ 14ಕ್ಕೆ ಇಳಿದಿದ್ದ ಗಾಡಿಯ ಗತಿ ಮೇಲೆ ಹೋದಾಗ ಏನಾಗುತ್ತದೆ ಎಂಬುದನ್ನು ಹೊರಡುವ ಮೊದಲೇ ಯೋಚಿಸಬೇಕು.

ಪೈಪ್ ಕತ್ತರಿಸುವ ಮೊದಲು ಪೋರ್ಟ್ ಗುರುತಿಸಿ

ಮ್ಯಾನಿಫೋಲ್ಡ್, ಕಾರ್ಬೊರೇಟರ್ ಅಥವಾ ಥ್ರಾಟಲ್ ಬಾಡಿಯಲ್ಲಿ ಕಾಣುವ, ಪೈಪ್ ತೂರಿಸುವ ನಿಪ್ಪಲ್‌ಗಳೆಲ್ಲ ಒಂದೇ ರೀತಿಯವಲ್ಲ. ಥ್ರಾಟಲ್ ತಟ್ಟೆಯ ಕೆಳಗೆ, ಎಂದರೆ ಎಂಜಿನ್ನಿನ ಬದಿಗೆ ತೆರೆಯುವ ನಿಪ್ಪಲಿನಲ್ಲಿ ಐಡ್ಲಿಂಗ್‌ನಲ್ಲೂ ಪೂರ್ತಿ ಎಳೆತ ಇರುತ್ತದೆ. ತಟ್ಟೆಯ ಅಂಚಿನ ಮೇಲ್ಬದಿಗೆ ತೆರೆಯುವ ನಿಪ್ಪಲಿನಲ್ಲಿ ಐಡ್ಲಿಂಗ್‌ನಲ್ಲಿ ಏನೂ ಇರುವುದಿಲ್ಲ, ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಮಾತ್ರ ಎಳೆತ ಬರುತ್ತದೆ. ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಈ ಎರಡನೆಯದು ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸಿಗೆ, ಎಂದರೆ ಪ್ಲಗ್ಗಿನ ಕಿಡಿಯ ಸಮಯ ಹೊಂದಿಸುವ ಭಾಗಕ್ಕೆ.

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ಗೆ ಇಳಿದ ಮೇಲೆ ನಿಪ್ಪಲಿಗೆ ಬೆರಳು ಇಡಿ. ಬೆರಳನ್ನು ಹಿಡಿದೆಳೆದರೆ ಅದು ಪೂರ್ತಿ ವ್ಯಾಕ್ಯೂಮಿನ ಪೋರ್ಟ್. ಎಳೆಯದೆ ಇದ್ದು, ರೇಸ್ ಕೊಟ್ಟಾಗ ಮಾತ್ರ ಎಳೆದರೆ ಮೇಲಿನದು. ಬೂಸ್ಟರನ್ನು ತಪ್ಪಿಯೂ ಈ ಎರಡನೆಯದಕ್ಕೆ ಜೋಡಿಸಬೇಡಿ. ಬ್ರೇಕ್ ಒತ್ತುವುದೇ ಆಕ್ಸಿಲರೇಟರಿನಿಂದ ಕಾಲು ತೆಗೆದ ಮೇಲೆ. ಅದೇ ಕ್ಷಣದಲ್ಲಿ ಈ ಪೋರ್ಟಿನ ಎಳೆತ ಸತ್ತಿರುತ್ತದೆ. ಹಾಗೆ ಜೋಡಿಸಿದ ಗಾಡಿ ಅಂಗಳದಲ್ಲಿ ಚೆನ್ನಾಗಿಯೇ ನಿಲ್ಲಬಹುದು, ಇಳಿಜಾರಿನಲ್ಲಿ ಮೂರನೆಯ ಬ್ರೇಕಿಗೆ ಕೈಕೊಡುತ್ತದೆ.

ಬೂಸ್ಟರಿಗೆ ಪ್ರತ್ಯೇಕ ಪೋರ್ಟ್ ಬೇಕು. ಅದು ಎಲ್ಲ ಸಿಲಿಂಡರ್‌ಗಳಿಗೂ ಸೇರಿದ ದೊಡ್ಡ ಕೋಣೆಯಲ್ಲಿ, ಎಂದರೆ ಪ್ಲೀನಮ್ಮಿನಲ್ಲಿ ಇರಬೇಕು. ಪಿಸಿವಿಯೂ ಅಷ್ಟೆ: ಕಾರ್ಬೊರೇಟರಿನ ಅಡಿಯ ಸ್ಪೇಸರ್ ಅಥವಾ ಪ್ಲೀನಮ್ಮಿನ ನಡುಭಾಗ ಒಳ್ಳೆಯದು. ಒಂದೇ ಸಿಲಿಂಡರಿಗೆ ಹೋಗುವ ಕೊಳವೆಗೆ ಪಿಸಿವಿ ಜೋಡಿಸಿದರೆ ಆ ಸಿಲಿಂಡರಿಗೆ ಮಾತ್ರ ಹೆಚ್ಚು ಗಾಳಿ ಮತ್ತು ಆಯಿಲ್ ಆವಿ ಹೋಗುತ್ತದೆ. ಉಳಿದ ಪ್ಲಗ್‌ಗಳು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ಆಯಿಲ್‌ನಿಂದ ಒದ್ದೆಯಾಗಿದ್ದರೆ ಪಿಸ್ಟನ್ ರಿಂಗ್ ಹೋಯಿತೆಂದು ಎಂಜಿನ್ ಬಿಚ್ಚುವ ಮೊದಲು ಬ್ರೀದರ್ ಪೈಪ್ ಎಲ್ಲಿ ಸೇರಿದೆ ನೋಡಿ.

ಪೋರ್ಟ್ ಸಾಲದೆ ಹೊಸದಾಗಿ ತೂತು ಕೊರೆಯಬೇಕಾದರೆ ಮ್ಯಾನಿಫೋಲ್ಡನ್ನು ಎಂಜಿನ್ನಿನಿಂದ ಬಿಚ್ಚಿ ಹೊರಗೆ ತೆಗೆದೇ ಕೊರೆಯಿರಿ. ಎಂಜಿನ್ ಮೇಲಿಟ್ಟು ಕೊರೆದ ಅಲ್ಯೂಮಿನಿಯಂ ಪುಡಿ ನೇರವಾಗಿ ವಾಲ್ವಿಗೆ ಹೋಗುತ್ತದೆ. ತಿರುಪಿನ ನಿಪ್ಪಲಿಗೆ ಟೆಫ್ಲಾನ್ ಟೇಪ್ ಸುತ್ತುವುದಾದರೆ ಮೊದಲ ಎರಡು ಎಳೆ ಬಿಟ್ಟು ಸುತ್ತಿ, ಇಲ್ಲವಾದರೆ ಅದರ ಚೂರುಗಳು ಒಳಗೆ ಬೀಳುತ್ತವೆ. ದ್ರವರೂಪದ ಥ್ರೆಡ್ ಸೀಲಂಟ್ ಇದಕ್ಕಿಂತ ಮೇಲು.

ಇನ್ನೊಂದು ತಪ್ಪನ್ನು ಇಲ್ಲೇ ಹೇಳಬೇಕು. ಸಿಎನ್‌ಜಿ ಕಿಟ್ ಕೂರಿಸುವಾಗ ಪ್ರೆಶರ್ ಸೆನ್ಸರಿಗೆ ವ್ಯಾಕ್ಯೂಮ್ ಬೇಕೆಂದು ಬೂಸ್ಟರ್ ಪೈಪನ್ನೇ ಕತ್ತರಿಸಿ ಟೀ ಜಾಯಿಂಟ್ ಹಾಕುವ ರೂಢಿ ಉಂಟು. ಹಾಗೆ ಮಾಡಿದರೆ ಪ್ರತಿ ಬ್ರೇಕಿಗೂ ಸೆನ್ಸರಿನ ಲೆಕ್ಕ ಕುಲುಕುತ್ತದೆ, ಟೀ ಸಡಿಲವಾದ ದಿನ ಬ್ರೇಕಿನ ಬಲವೂ ಹೋಗುತ್ತದೆ. ಕಿಟ್ಟಿನ ಪೈಪಿಗೆ ಪ್ಲೀನಮ್ಮಿನಲ್ಲಿ ಬೇರೆ ನಿಪ್ಪಲ್ ಕೇಳಿ ಹಾಕಿಸಿ. ಈಗಾಗಲೇ ಕಿಟ್ ಇರುವ ಗಾಡಿಯಾದರೆ ಇವತ್ತೇ ಬಾನೆಟ್ ಎತ್ತಿ ನೋಡಿ.

ಯಾವ ಪೈಪು, ಎಷ್ಟು

ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿಗೆ ಬೂಸ್ಟರ್ ಪೈಪ್ 1 ಮೀಟರ್, ಪಿಸಿವಿಗೆ ಅರ್ಧ ಮೀಟರ್, ತಾಜಾ ಗಾಳಿಯ ಬದಿಗೆ ಮತ್ತೊಂದು ಅರ್ಧ ಮೀಟರ್, ಸಣ್ಣ ಪೈಪುಗಳಿಗೆ 3.5 ಅಥವಾ 4 ಮಿಲಿಮೀಟರಿನದು 2 ಮೀಟರ್ ಇದ್ದರೆ ಸಾಕು. ಜೊತೆಗೆ ಹೋಸ್ ಕ್ಲಿಪ್ 6, ಬೂಸ್ಟರಿನ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವುದು) 1, ಅದು ಕೂರುವ ರಬ್ಬರ್ ಬಳೆ, ಎಂದರೆ ಗ್ರಾಮೆಟ್ 1, ಪಿಸಿವಿ ವಾಲ್ವ್ ಮತ್ತು ಅದರ ಗ್ರಾಮೆಟ್, ಉಪಯೋಗವಿಲ್ಲದ ನಿಪ್ಪಲ್ ಮುಚ್ಚಲು ರಬ್ಬರ್ ಕ್ಯಾಪು. ಒಂದು ವ್ಯಾಕ್ಯೂಮ್ ಗೇಜ್ ಇದ್ದರೆ ಅನುಮಾನಗಳೆಲ್ಲ ಬೇಗ ಪರಿಹಾರವಾಗುತ್ತವೆ.

ಬೂಸ್ಟರ್ ಪೈಪಿನ ಒಳವ್ಯಾಸ ಸಾಮಾನ್ಯವಾಗಿ 9ರಿಂದ 12 ಮಿಲಿಮೀಟರ್. ಹಳೆಯ ಪೈಪಿನ ತುಂಡನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ಕೇಳಬೇಕಾದದ್ದು ನೂಲಿನ ಹೆಣಿಗೆ ಇರುವ ವ್ಯಾಕ್ಯೂಮ್ ಬ್ರೇಕ್ ಹೋಸ್. ಮೈಮೇಲೆ ಎಸ್‌ಎಇ ಜೆ1403 ಎಂದು ಅಚ್ಚಾಗಿದ್ದರೆ ಬೇರೆ ಪ್ರಶ್ನೆ ಬೇಡ. ಒತ್ತಡ ತಡೆಯುವ ಪೈಪೆಲ್ಲ ಎಳೆತ ತಡೆಯುತ್ತದೆ ಎಂದಿಲ್ಲ. ತೆಳು ಗೋಡೆಯ ಪೈಪು ಬಿಸಿಯಾದಾಗ ಒಳಗೊಳಗೇ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ, ಎಂಜಿನ್ ಆಫ್ ಮಾಡಿ ಬಾನೆಟ್ ಎತ್ತುವಾಗ ಮತ್ತೆ ದುಂಡಗಾಗಿರುತ್ತದೆ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪನ್ನು ತಾತ್ಕಾಲಿಕ ಎಂದು ಹಾಕಿದರೂ ಅಪಾಯ ಇದೇ.

ಪಿಸಿವಿ ಪೈಪಿಗೆ ಬೇರೆಯದೇ ಗುಣ ಬೇಕು: ಬಿಸಿ ಆಯಿಲ್ ಆವಿ ತಡೆಯಬೇಕು. ನೈಟ್ರೈಲ್ ರಬ್ಬರಿನ, ಎಸ್‌ಎಇ 30ಆರ್7 ಗುರುತಿನ ಪೈಪು ಸರಿ. ರೇಡಿಯೇಟರ್, ಹೀಟರಿನ ನೀರಿನ ಪೈಪು ಆಯಿಲ್ ತಾಗಿದರೆ ಊದಿ, ಮೆತ್ತಗಾಗಿ, ಕೈಗೆ ಕಪ್ಪು ಹತ್ತುತ್ತದೆ. ನೀಲಿ, ಕೆಂಪು ಬಣ್ಣದ ಸಾದಾ ಸಿಲಿಕೋನ್ ಪೈಪು ನೋಡಲು ಚಂದ, ಆದರೆ ಆಯಿಲ್ ಆವಿ ಅದರ ಗೋಡೆಯಲ್ಲಿ ಇಂಗಿ ಹೊರಗೆ ಬೆವರಿನಂತೆ ಜಿನುಗುತ್ತದೆ. ಬೂಸ್ಟರಿಗೂ ಪಿಸಿವಿಗೂ ಅಂದಕ್ಕಾಗಿ ಅದನ್ನು ಹಾಕಬೇಡಿ.

ಕ್ಲಿಪ್ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ಪಣಂಬೂರು, ಸುರತ್ಕಲ್, ಮಲ್ಪೆಯಂಥ ಕಡಲಂಚಿನಲ್ಲಿ ನಿಲ್ಲುವ ಗಾಡಿಯ ಸಾದಾ ಕಬ್ಬಿಣದ ಕ್ಲಿಪ್ ತಿರುಪಿನ ಬಳಿಯೇ ತುಕ್ಕು ಹಿಡಿದು, ನೋಡಲು ಬಿಗಿಯಾಗಿದ್ದರೂ ಹಿಡಿತ ಕಳೆದುಕೊಂಡಿರುತ್ತದೆ.

ಬೂಸ್ಟರ್ ಪೈಪ್ ಜೋಡಣೆ

ಎಂಜಿನ್ ತಣಿಯಲಿ. ಗಾಡಿ ಸಮತಟ್ಟಿನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಯಾವ ಪೈಪನ್ನೂ ಬಿಚ್ಚುವ ಮೊದಲು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ, ಪ್ರತಿ ಪೈಪಿನ ಎರಡೂ ತುದಿಗೆ ಟೇಪ್ ಅಂಟಿಸಿ ಒಂದೇ ಸಂಖ್ಯೆ ಬರೆಯಿರಿ. ಕೆಲವು ಗಾಡಿಗಳ ಬಾನೆಟ್ಟಿನ ಒಳಬದಿಗೆ ವ್ಯಾಕ್ಯೂಮ್ ನಕ್ಷೆಯ ಸ್ಟಿಕ್ಕರ್ ಇರುತ್ತದೆ. ಅದಿದ್ದರೆ ಅದೇ ಅಂತಿಮ.

ಎಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರನ್ನು ಖಾಲಿ ಮಾಡಿ. ಹಾಗೆ ಮಾಡದಿದ್ದರೆ ಚೆಕ್ ವಾಲ್ವ್ ಗ್ರಾಮೆಟ್ಟಿಗೆ ಕಚ್ಚಿಕೊಂಡಿರುತ್ತದೆ, ಬಲವಂತ ಮಾಡಿದರೆ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ವಾಲ್ವನ್ನು ತಿರುಗಿಸುತ್ತಾ ನೇರವಾಗಿ ಹೊರಗೆ ಎಳೆಯಿರಿ. ಗ್ರಾಮೆಟ್ ಬೂಸ್ಟರಿನೊಳಗೆ ಬೀಳದಂತೆ ಬೆರಳಲ್ಲಿ ಹಿಡಿದಿರಿ. ಬಿದ್ದರೆ ಬೂಸ್ಟರನ್ನೇ ಇಳಿಸಬೇಕಾದೀತು.

ಈ ತೂತಿನೊಳಗೆ ಒಂದು ಬಿಳಿ ಬಟ್ಟೆಯ ತುದಿಯನ್ನು ತಂತಿಗೆ ಸುತ್ತಿ ಇಳಿಸಿ ನೋಡಿ. ಬಟ್ಟೆ ಬ್ರೇಕ್ ಆಯಿಲ್‌ನಿಂದ ಒದ್ದೆಯಾದರೆ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿದೆ. ಹೊರಗೆ ಎಲ್ಲೂ ಸೋರದೆ ಬ್ರೇಕ್ ಆಯಿಲ್ ಕಮ್ಮಿಯಾಗುತ್ತಾ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುವ ಗಾಡಿಗಳಲ್ಲಿ ಬಹಳ ಸಲ ಕಾರಣ ಇದೇ: ವ್ಯಾಕ್ಯೂಮ್ ಆ ಆಯಿಲನ್ನು ಬೂಸ್ಟರಿಗೂ ಅಲ್ಲಿಂದ ಎಂಜಿನ್ನಿಗೂ ಎಳೆಯುತ್ತಿರುತ್ತದೆ. ಹೊಸ ಪೈಪ್ ಹಾಕಿದರೆ ಇದು ಗುಣವಾಗುವುದಿಲ್ಲ. ಬೂಸ್ಟರಿನ ಡಯಾಫ್ರಾಮೂ ಹಾಳಾಗಿದ್ದರೆ ಬೂಸ್ಟರ್ ಪೂರ್ತಿ ಹೊಸತು ಹಾಕುವುದೇ ಲೇಸು; ಒತ್ತಿ ಮುಚ್ಚಿದ ಡಬ್ಬವನ್ನು ಬಿಚ್ಚಿ ರಬ್ಬರ್ ಬದಲಿಸಿ ಮತ್ತೆ ಮಡಿಸುವ ರಿಪೇರಿಯ ಮೇಲೆ ಜೀವದ ಭಾರ ಹಾಕಬಾರದು.

ಚೆಕ್ ವಾಲ್ವಿನ ದಿಕ್ಕು ತಪ್ಪಿದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪುವುದೇ ಇಲ್ಲ. ಗಾಳಿ ಬೂಸ್ಟರಿನಿಂದ ಎಂಜಿನ್ನಿನ ಕಡೆಗೆ ಮಾತ್ರ ಹೋಗಬೇಕು. ಬಾಣದ ಗುರುತು ಇದ್ದರೆ ಅದು ಎಂಜಿನ್ನಿನ ಕಡೆಗೆ ಮುಖ ಮಾಡಿರಬೇಕು. ಗುರುತಿಲ್ಲದಿದ್ದರೆ ವಾಲ್ವನ್ನು ಒರಸಿ ಬಾಯಿಂದ ಊದಿ ನೋಡಿ: ಬೂಸ್ಟರ್ ಬದಿಯಿಂದ ಊದಿದರೆ ಸಲೀಸಾಗಿ ಹೋಗಬೇಕು, ಎಂಜಿನ್ ಬದಿಯಿಂದ ಊದಿದರೆ ಒಂದಿಷ್ಟೂ ಹೋಗಬಾರದು. ಎರಡೂ ಕಡೆ ಹೋದರೆ ವಾಲ್ವ್ ಬಿಸಾಡಿ. ಕೆಲವು ಗಾಡಿಗಳಲ್ಲಿ ಈ ವಾಲ್ವ್ ಬೂಸ್ಟರಿನ ಮೂತಿಯಲ್ಲಿರದೆ ಪೈಪಿನ ಮಧ್ಯದೊಳಗೆ ಅಡಗಿರುತ್ತದೆ. ಅಂಥ ಪೈಪನ್ನು ತೆಗೆದು ಬರೀ ರಬ್ಬರ್ ಪೈಪ್ ಹಾಕಿದರೆ ವಾಲ್ವೇ ಇಲ್ಲದ ಹಾಗಾಗುತ್ತದೆ. ಎಂಜಿನ್ ಓಡುವಾಗ ಪೆಡಲ್ ಸರಿಯಾಗಿಯೇ ಇರುತ್ತದೆ. ಎಂಜಿನ್ ನಿಂತ ಕ್ಷಣ ಮೀಸಲು ಬಲವೆಲ್ಲ ಹೊರಟುಹೋಗಿರುತ್ತದೆ.

ಹೊಸ ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕೊಯ್ಯಿರಿ. ಹ್ಯಾಕ್ಸಾ ಹಾಕಿದರೆ ರಬ್ಬರ್ ಪುಡಿ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಉದ್ದ ಆದಷ್ಟು ಕಮ್ಮಿ ಇರಲಿ, ಆದರೆ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಅಲುಗಾಡುವುದನ್ನು ಲೆಕ್ಕ ಹಾಕಿ ಮೂರು ನಾಲ್ಕು ಸೆಂಟಿಮೀಟರ್ ಸಡಿಲ ಬಿಡಿ. ಎಕ್ಸ್‌ಹಾಸ್ಟಿನಿಂದ ಕನಿಷ್ಠ ನಾಲ್ಕು ಬೆರಳು ದೂರ, ಬ್ಯಾಟರಿ ಟ್ರೇಯ ಅಂಚಿಗೆ ಉಜ್ಜದ ಹಾಗೆ. ಬಾಗು ತೀರಾ ಕಿರಿದಾದರೆ ಪೈಪ್ ಮಡಿಸಿಕೊಳ್ಳುತ್ತದೆ, ಅಲ್ಲಿಗೆ ಅಚ್ಚಿನಲ್ಲೇ ಬಾಗಿಸಿದ ಕಂಪನಿ ಪೈಪನ್ನೇ ತನ್ನಿ.

ನಿಪ್ಪಲಿನ ಉಬ್ಬನ್ನು ದಾಟಿ ಪೂರ್ತಿ ಒಳಗೆ ಹೋಗುವವರೆಗೆ ಪೈಪ್ ತೂರಿಸಿ. ಹೋಗದಿದ್ದರೆ ತುದಿಯನ್ನು ಎರಡು ನಿಮಿಷ ಬಿಸಿನೀರಿನಲ್ಲಿ ಅದ್ದಿ. ಗ್ರಾಮೆಟ್ಟಿಗೆ ಸಾಬೂನು ನೀರು ಸಾಕು. ಗ್ರೀಸ್, ಎಂಜಿನ್ ಆಯಿಲ್ ಸವರಿದರೆ ರಬ್ಬರ್ ಊದುತ್ತದೆ. ಕ್ಲಿಪ್ ಉಬ್ಬಿನ ಹಿಂದೆ ಕೂರಬೇಕು, ಪೈಪಿನ ತುದಿಯಿಂದ ಸುಮಾರು 4 ಮಿಲಿಮೀಟರ್ ಬಿಟ್ಟು. ರಬ್ಬರ್ ಕ್ಲಿಪ್ಪಿನ ಸಂದಿಯಲ್ಲಿ ಉಬ್ಬಿ ಹೊರಬರುವಷ್ಟು ಬಿಗಿಯಬೇಡಿ, ಆರು ತಿಂಗಳಲ್ಲಿ ಅಲ್ಲೇ ಬಿರುಕು ಬರುತ್ತದೆ. ಎಳೆತ ಹೇಗೂ ಪೈಪನ್ನು ಹಿಡಿದಿರುತ್ತದೆ, ಕ್ಲಿಪ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಬ್ಯಾಕ್‌ಫೈರ್: ಸಿಎನ್‌ಜಿ ಗಾಡಿಯಲ್ಲಿ ಒಂದು ಸಲ ಹಿಂದಕ್ಕೆ ಸಿಡಿದರೆ ಕ್ಲಿಪ್ ಇಲ್ಲದ ಪೈಪು ಹಾರಿಹೋಗುತ್ತದೆ. ಟರ್ಬೊ ಪೆಟ್ರೋಲಿನಲ್ಲಿ ಮ್ಯಾನಿಫೋಲ್ಡಿನೊಳಗೆ ಒತ್ತಡವೇ ಏರುವುದರಿಂದ ಅಲ್ಲಂತೂ ಕ್ಲಿಪ್ಪೂ ಚೆಕ್ ವಾಲ್ವೂ ಎರಡೂ ಖಂಡಿತ ಬೇಕು. ಜಾಯಿಂಟಿಗೆ ಸಿಲಿಕೋನ್ ಗಮ್ ಹಚ್ಚಬೇಡಿ. ಒಣಗಿದ ಚೂರು ವಾಲ್ವಿನ ಬಾಯಿಗೆ ಅಡ್ಡ ಕೂರುತ್ತದೆ.

ಪಿಸಿವಿ: ಒಂದಲ್ಲ, ಎರಡು ಪೈಪು

ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಹೊಗೆ ಕೆಳಗೆ ಇಳಿಯುವುದು ಹೊಸ ಎಂಜಿನ್ನಿನಲ್ಲೂ ಸಹಜ. ಅದನ್ನು ತೆಗೆಯಲು ಒಂದು ಕಡೆಯಿಂದ ತಾಜಾ ಗಾಳಿ ಒಳಬರಬೇಕು, ಇನ್ನೊಂದು ಕಡೆಯಿಂದ ಕೆಟ್ಟ ಗಾಳಿ ಹೊರಹೋಗಬೇಕು. ಬರುವ ದಾರಿ: ಏರ್ ಫಿಲ್ಟರ್ ದಾಟಿದ ಮೇಲೆ, ಥ್ರಾಟಲಿಗೆ ಮೊದಲು. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಲ್ಲಿ ಸೆನ್ಸರನ್ನೂ ದಾಟಿದ ಮೇಲೆಯೇ ತೆಗೆಯಬೇಕು, ಇಲ್ಲವಾದರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ ಸೇರುತ್ತದೆ. ಹೋಗುವ ದಾರಿ: ಟ್ಯಾಪೆಟ್ ಕವರಿನ ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ. ಎರಡು ತೂತುಗಳ ನಡುವೆ ಅಂತರ ಇರಲಿ. ಪಕ್ಕಪಕ್ಕದಲ್ಲಿದ್ದರೆ ತಾಜಾ ಗಾಳಿ ಕೆಳಗಿಳಿಯದೆ ಹಾಗೆಯೇ ಹೊರಟುಹೋಗುತ್ತದೆ.

ಪಿಸಿವಿ ವಾಲ್ವಿನೊಳಗೆ ಒಂದು ಸ್ಪ್ರಿಂಗ್, ಒಂದು ಚಿಕ್ಕ ಮೊಳೆಯಂಥ ಪ್ಲಂಜರ್ ಇದೆ. ಐಡ್ಲಿಂಗ್‌ನಲ್ಲಿ ಎಳೆತ ಜೋರಿರುವುದರಿಂದ ಪ್ಲಂಜರ್ ಮುಂದೆ ಸರಿದು ದಾರಿ ಕಿರಿದಾಗುತ್ತದೆ; ರಸ್ತೆಯಲ್ಲಿ ಓಡುವಾಗ ಎಳೆತ ಕಮ್ಮಿಯಾಗಿ ದಾರಿ ಅಗಲವಾಗುತ್ತದೆ; ಬ್ಯಾಕ್‌ಫೈರ್ ಆದರೆ ಪೂರ್ತಿ ಮುಚ್ಚಿ ಬೆಂಕಿ ಒಳಗೆ ಹೋಗದಂತೆ ತಡೆಯುತ್ತದೆ. ತೂತಿನ ಅಳತೆ ಆಯಾ ಎಂಜಿನ್ನಿಗೆ ಲೆಕ್ಕ ಹಾಕಿ ಮಾಡಿದ್ದು. ನೋಡಲು ಒಂದೇ ತರ ಇದೆ ಎಂದು ಬೇರೆ ಗಾಡಿಯದ್ದು ಹಾಕಬೇಡಿ, ಪಾರ್ಟ್ ನಂಬರ್ ಕೊಟ್ಟೇ ತನ್ನಿ. ವಾಲ್ವ್ ತೆಗೆದು ಬರೀ ಪೈಪ್ ಜೋಡಿಸಿದರೆ ಐಡ್ಲಿಂಗ್ ಏರಿ, ಎಂಜಿನ್ ಆಯಿಲ್ ಕುಡಿಯಲು ಶುರುಮಾಡುತ್ತದೆ. ವಾಲ್ವ್ ಕೂರುವ ಜಾಗದ ಕೆಳಗೆ ಆಯಿಲ್ ತಡೆಯುವ ತಗಡು ಇದೆಯೇ ನೋಡಿ. ಬೇರೆ ಟ್ಯಾಪೆಟ್ ಕವರ್ ಹಾಕಿದ ಗಾಡಿಗಳಲ್ಲಿ ಅದು ಇಲ್ಲದೆ ಆಯಿಲ್ ನೇರ ಮ್ಯಾನಿಫೋಲ್ಡಿಗೆ ಹೋಗುವುದುಂಟು.

ಪೈಪ್ ಹಾಕುವಾಗ ಮಧ್ಯದಲ್ಲಿ ತೊಟ್ಟಿಲಿನಂತೆ ಜೋತು ಬೀಳದ ಹಾಗೆ ನೋಡಿಕೊಳ್ಳಿ. ಜೋತ ಭಾಗದಲ್ಲಿ ಆಯಿಲ್ ಮತ್ತು ನೀರು ನಿಂತು, ತಿರುವಿನಲ್ಲಿ ಒಮ್ಮೆಗೇ ಎಂಜಿನ್ನಿಗೆ ಹೋಗುತ್ತದೆ. ಬೂಸ್ಟರ್ ಪೈಪಿಗೆ ಟೀ ಹಾಕಿ ಪಿಸಿವಿ ಸೇರಿಸುವುದು ಬೇಡವೇ ಬೇಡ: ಆಯಿಲ್ ಆವಿ ಬ್ರೇಕಿನ ರಬ್ಬರಿನ ಶತ್ರು. ಏರ್ ಫಿಲ್ಟರಿಗೆ ಆಯಿಲ್ ಬರುತ್ತದೆಂದು ಬ್ರೀದರ್ ಪೈಪನ್ನು ಬಿಚ್ಚಿ ರಸ್ತೆಗೆ ಬಿಡುವವರಿದ್ದಾರೆ. ಅದರಿಂದ ರೋಗ ಹೋಗುವುದಿಲ್ಲ. ಹೊಟ್ಟೆಯೊಳಗಿನ ತೇವಾಂಶ ಹೊರಹೋಗದೆ ಆಯಿಲ್ ಬೇಗ ಕೆಡುತ್ತದೆ, ಆ ತೂತಿನಿಂದ ಧೂಳೂ ನೀರೂ ಒಳಗೆ ಹೋಗುತ್ತವೆ.

ಡೀಸೆಲ್ ಗಾಡಿಯ ದಾರಿ ಬೇರೆ

ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ತಡೆಯುವ ಥ್ರಾಟಲ್ ಇಲ್ಲ. ಹೊಸತರಲ್ಲಿ ಇದ್ದರೂ ಬ್ರೇಕಿಗೆ ಸಾಕಾಗುವ ಎಳೆತ ಅದರಿಂದ ಬರುವುದಿಲ್ಲ. ಅದಕ್ಕೆ ವ್ಯಾಕ್ಯೂಮ್ ಪಂಪ್ ಇದೆ. ಬೊಲೆರೊ, ಸುಮೊ ತರದ ಅನೇಕ ಗಾಡಿಗಳಲ್ಲಿ ಅದು ಡೈನಮೊದ ಬೆನ್ನಿಗೇ ಅಂಟಿಕೊಂಡಿರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟಿನ ತುದಿಯಲ್ಲಿ. ಡೈನಮೊದ ಬೆನ್ನಿನಲ್ಲಿದ್ದರೆ ಒಂದು ಮಾತು ನೆನಪಿರಲಿ: ಫ್ಯಾನ್ ಬೆಲ್ಟ್ ತುಂಡಾದರೆ ಚಾರ್ಜ್ ಮಾತ್ರವಲ್ಲ, ಬ್ರೇಕಿನ ಬಲವೂ ಹೋಗುತ್ತದೆ. ಘಾಟಿಯಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿದರೆ ಮನೆ ತಲುಪಿ ನೋಡೋಣ ಎನ್ನದೆ ಮೊದಲ ಅಗಲವಾದ ಜಾಗದಲ್ಲಿ ನಿಲ್ಲಿಸಿ.

ಪಂಪಿಗೆ ಎಂಜಿನ್ ಆಯಿಲ್ ಹೋಗುವ ಸಣ್ಣ ಪೈಪು, ಮರಳಿ ಬರುವ ದಪ್ಪ ಪೈಪು ಎರಡೂ ಇವೆ. ಮರಳುವ ಪೈಪು ಮಡಿಸಿಕೊಂಡರೆ ಆಯಿಲ್ ಪಂಪಿನಲ್ಲೇ ತುಂಬಿ ವ್ಯಾಕ್ಯೂಮ್ ಬೀಳುತ್ತದೆ, ಚೆಕ್ ವಾಲ್ವ್ ದುರ್ಬಲವಾಗಿದ್ದರೆ ಬೂಸ್ಟರಿಗೂ ನುಗ್ಗುತ್ತದೆ. ತಾಮ್ರದ ವಾಶರನ್ನು ಬಿಚ್ಚಿದ ಪ್ರತಿ ಸಲ ಹೊಸತು ಹಾಕಿ. ಟರ್ಬೊ, ಇಜಿಆರ್‌ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಇವುಗಳ ಸಣ್ಣ ಪೈಪುಗಳು ಪಂಪಿನ ಬದಿಯ ಕಿರಿದಾದ ಕವಲಿನಿಂದಲೇ ಹೊರಡಬೇಕು. ಆ ಕವಲನ್ನು ಬೂಸ್ಟರಿಗೂ ಚೆಕ್ ವಾಲ್ವಿಗೂ ನಡುವೆ ಹಾಕಿದರೆ ಸಣ್ಣ ಪೈಪಿನ ಒಂದು ಬಿರುಕು ಬ್ರೇಕಿನ ಮೀಸಲನ್ನು ಖಾಲಿ ಮಾಡುತ್ತದೆ.

ಜೋಡಿಸಿದ ಮೇಲೆ ಪರೀಕ್ಷೆ

ಎಂಜಿನ್ ಆಫ್. ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿಸಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರಿಗೆ ವ್ಯಾಕ್ಯೂಮ್ ತಲುಪಿಲ್ಲ ಅಥವಾ ಬೂಸ್ಟರೇ ಕೆಟ್ಟಿದೆ.

ಎರಡು ನಿಮಿಷ ಓಡಿಸಿ ಆಫ್ ಮಾಡಿ. ಈಗ ನಿಧಾನವಾಗಿ ಮೂರು ಸಲ ಒತ್ತಿ: ಮೊದಲ ಸಲ ಆಳಕ್ಕೆ, ಎರಡು ಮೂರನೆಯ ಸಲಕ್ಕೆ ಮೇಲೆ ಮೇಲೆ ನಿಲ್ಲಬೇಕು. ಮೊದಲ ಸಲವೇ ಗಟ್ಟಿಯಾಗಿದ್ದರೆ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಆಮೇಲೆ ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿಹಿಡಿದು ಆಫ್ ಮಾಡಿ, 30 ಸೆಕೆಂಡ್ ಕಾಲು ತೆಗೆಯಬೇಡಿ. ಪೆಡಲ್ ಕಾಲನ್ನು ಮೇಲಕ್ಕೆ ದೂಡಿದರೆ ಎಲ್ಲೋ ಸೋರುತ್ತಿದೆ. ಒತ್ತುವಾಗ ಒಂದು ಕ್ಷಣ ಉಸ್ ಎಂಬ ಸದ್ದು ಸಹಜ. ಒತ್ತಿಹಿಡಿದಷ್ಟು ಹೊತ್ತೂ ಸದ್ದು ಬರುತ್ತಾ ಎಂಜಿನ್ನಿನ ರೇಸೂ ಬದಲಾದರೆ ಡಯಾಫ್ರಾಮ್ ಹರಿದಿದೆ.

ಪಿಸಿವಿಗೆ: ಐಡ್ಲಿಂಗ್‌ನಲ್ಲಿ ವಾಲ್ವನ್ನು ಟ್ಯಾಪೆಟ್ ಕವರಿನಿಂದ ತೆಗೆದು ಹೆಬ್ಬೆರಳಿನಿಂದ ಮುಚ್ಚಿ. ಗಟ್ಟಿಯಾಗಿ ಎಳೆಯಬೇಕು, ರೇಸ್ ಸ್ವಲ್ಪ ಇಳಿಯಬೇಕು. ಅಲುಗಿಸಿದರೆ ಪ್ಲಂಜರಿನ ಟಿಕ್ ಟಿಕ್ ಕೇಳಬೇಕು. ವಾಲ್ವನ್ನು ಮತ್ತೆ ಕೂರಿಸಿ, ತಾಜಾ ಗಾಳಿಯ ಪೈಪನ್ನು ಮುಚ್ಚಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಒಂದು ತುಂಡು ಕಾಗದ ಇಡಿ. ನಿಮಿಷದೊಳಗೆ ಕಾಗದ ಅಂಟಿಕೊಂಡರೆ ಎಲ್ಲ ಸರಿ. ಹಾರಿದರೆ ವಾಲ್ವೋ ಪೈಪೋ ಕಟ್ಟಿಕೊಂಡಿದೆ. ಅವು ಚೊಕ್ಕವಾಗಿದ್ದೂ ಹಾರಿದರೆ ರಿಂಗ್ ಸವೆದಿದೆ. ಕಟ್ಟಿಕೊಂಡ ಪಿಸಿವಿಯನ್ನು ಹಾಗೆಯೇ ಬಿಟ್ಟರೆ ಒತ್ತಡಕ್ಕೆ ಆಯಿಲ್ ಸೀಲುಗಳು ಒಂದೊಂದಾಗಿ ಸೋರುತ್ತವೆ. ಸೀಲ್ ಬದಲಿಸಿ ತಿಂಗಳೊಳಗೆ ಮತ್ತೆ ಸೋರಿತು ಎನ್ನುವವರು ಮೊದಲು ಇದನ್ನೇ ನೋಡಬೇಕು.

ಏರ್ ಲೀಕ್ ಹುಡುಕಲು ಪೈಪುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿಹಿಡಿದು ನೋಡಿ. ಯಾವುದನ್ನು ಒತ್ತಿದಾಗ ಏರಿಳಿಯುವ ಐಡ್ಲಿಂಗ್ ಸಮವಾಗುತ್ತದೋ ಆ ದಾರಿಯಲ್ಲಿ ಸೋರಿಕೆ ಉಂಟು. ಜಾಯಿಂಟುಗಳಿಗೆ ಸಣ್ಣ ಸ್ಪ್ರೇಯಿಂದ ನೀರು ಚಿಮುಕಿಸಿದರೂ ರೇಸ್ ಬದಲಾಗುವುದು ತಿಳಿಯುತ್ತದೆ. ಪೆಟ್ರೋಲ್, ಕಾರ್ಬ್ ಕ್ಲೀನರ್ ಚಿಮುಕಿಸುವ ರೂಢಿ ಬಿಸಿ ಎಕ್ಸ್‌ಹಾಸ್ಟಿನ ಬಳಿ ಬೆಂಕಿಗೆ ಆಹ್ವಾನ. ಸ್ಕ್ಯಾನರ್ ಇದ್ದರೆ ಪಿ0171 ಕೋಡ್ (ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಎಂಬ ಸೂಚನೆ) ಮತ್ತು ಫ್ಯೂಯಲ್ ಟ್ರಿಮ್, ಎಂದರೆ ಅದನ್ನು ಸರಿದೂಗಿಸಲು ಕಂಪ್ಯೂಟರ್ ಮಾಡುವ ಪೆಟ್ರೋಲಿನ ಹೊಂದಾಣಿಕೆ ನೋಡಿ: ಐಡ್ಲಿಂಗ್‌ನಲ್ಲಿ ಟ್ರಿಮ್ ಶೇಕಡಾ 10ಕ್ಕಿಂತ ಮೇಲಿದ್ದು 2,500 ಆರ್‌ಪಿಎಮ್ಮಿಗೆ ಇಳಿದುಹೋದರೆ ಏರ್ ಲೀಕ್ ಎಂದೇ ತಿಳಿಯಿರಿ. ಇಷ್ಟಾದ ಮೇಲೂ ಮೊದಲ ಓಟ ಅಂಗಳದಲ್ಲಿ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ.

ಮಳೆಗಾಲ, ಉಪ್ಪುಗಾಳಿ, ಇಲಿ

ಜೂನಿನಿಂದ ಸೆಪ್ಟೆಂಬರ್ ವರೆಗೆ ಹಂಪನಕಟ್ಟೆಯಿಂದ ಕದ್ರಿಯಷ್ಟು ದೂರಕ್ಕೇ ಓಡಿ ನಿಲ್ಲುವ ಗಾಡಿಯ ಆಯಿಲ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ತೇವಾಂಶ ಆಯಿಲ್ ಮುಚ್ಚಳದ ಕೆಳಗೆ ಬಿಳಿ ಕೆನೆಯಾಗಿ ಕೂರುತ್ತದೆ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು ಕೂಲೆಂಟ್ ಇಳಿಯದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಡಿ. ಪಿಸಿವಿ ಶುಚಿಮಾಡಿ, ವಾರಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ. ಡಿಪ್‌ಸ್ಟಿಕ್ಕಿನಲ್ಲೂ ಕೆನೆ ಕಂಡು ಕೂಲೆಂಟೂ ಕಮ್ಮಿಯಾಗುತ್ತಿದ್ದರೆ ಮಾತ್ರ ಗ್ಯಾರೇಜಿಗೆ ಕೊಡಿ.

ತೆಂಗಿನ ತೋಟದ ಬದಿಗೆ, ಅಡಿಕೆ ಅಂಗಳದಲ್ಲಿ ನಿಲ್ಲುವ ಗಾಡಿಗೆ ಇಲಿಯ ಕಾಟ ಇದ್ದದ್ದೇ. 4 ಮಿಲಿಮೀಟರಿನ ಸಣ್ಣ ಪೈಪು ಅದಕ್ಕೆ ಸುಲಭದ ತುತ್ತು. ವಾರಗಟ್ಟಲೆ ನಿಂತ ಗಾಡಿಯನ್ನು ತೆಗೆಯುವ ಮೊದಲು ಪೈಪುಗಳ ಅಡಿಬದಿಯನ್ನು ಬೆರಳಾಡಿಸಿ ನೋಡಿ. ಹಲ್ಲಿನ ಗುರುತು ಮೇಲಿನಿಂದ ಕಾಣುವುದಿಲ್ಲ. ಬೂಸ್ಟರ್ ದಾರಿಯಲ್ಲಿ ಕಬ್ಬಿಣದ ಕೊಳವೆಯ ತುಂಡು ಇರುವ ಗಾಡಿಯಾದರೆ ಬ್ರಾಕೆಟ್ಟಿನ ಅಡಿಯಲ್ಲಿ ತುಕ್ಕು ತೂತು ಮಾಡಿದೆಯೇ ಎಂದೂ ನೋಡಬೇಕು.

ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾದರೆ

ಎಂಜಿನ್ ಆಫ್ ಆದ ಮೇಲೆ ಬೂಸ್ಟರಿನಲ್ಲಿ ಉಳಿಯುವುದು ಎರಡು ಮೂರು ಬ್ರೇಕಿನಷ್ಟು ಬಲ. ಎಣ್ಣೆ ಉಳಿಸಲು ಘಾಟಿಯಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವುದು ಈ ಲೆಕ್ಕದಲ್ಲೇ ಪ್ರಾಣಕ್ಕೆ ಸಂಚಕಾರ. ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ಗಿಂತಲೂ ಹೆಚ್ಚು, 21ರಿಂದ 24 ಇಂಚಿನವರೆಗೆ ವ್ಯಾಕ್ಯೂಮ್ ಕೊಡುತ್ತದೆ. ಬ್ರೇಕೂ ಕಮ್ಮಿ ಬೇಕಾಗುತ್ತದೆ.

ಪೆಡಲ್ ಗಟ್ಟಿಯಾಯಿತೆಂದರೆ ಪಂಪ್ ಮಾಡಬೇಡಿ. ಪಂಪ್ ಮಾಡಿದ ಪ್ರತಿ ಸಲ ಉಳಿದ ವ್ಯಾಕ್ಯೂಮ್ ಖಾಲಿಯಾಗುತ್ತದೆ. ಎರಡೂ ಕಾಲಿನ ಬಲ ಹಾಕಿಯಾದರೂ ಸರಿ, ಒಂದೇ ಸಲ ಗಟ್ಟಿಯಾಗಿ ಒತ್ತಿಹಿಡಿಯಿರಿ. ಬೂಸ್ಟರ್ ಸತ್ತರೂ ಬ್ರೇಕ್ ಆಯಿಲ್ ದಾರಿ ಜೀವಂತ ಇರುತ್ತದೆ, ಗಾಡಿ ನಿಧಾನವಾಗುತ್ತದೆ. ವೇಗ ಇಳಿದ ಮೇಲೆ ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಬಟನ್ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ, ಗುಡ್ಡದ ಬದಿಗೆ ಸರಿಯಿರಿ. ಎಂಜಿನ್ ನಿಂತಿದ್ದರೂ ಕೀ ಪೂರ್ತಿ ತಿರುಗಿಸಿ ತೆಗೆಯಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ.

ಹೊಸ ಪೈಪ್ ಹಾಕಿ 500 ಕಿಲೋಮೀಟರ್ ಓಡಿದ ಮೇಲೆ ಕ್ಲಿಪ್ಪುಗಳನ್ನು ಒಮ್ಮೆ ಮುಟ್ಟಿ ನೋಡಿ, ರಬ್ಬರ್ ಕೂತುಕೊಂಡು ಕಾಲು ಸುತ್ತು ಸಡಿಲವಾಗಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಮೇ ತಿಂಗಳಿನಲ್ಲಿ ವೈಪರ್ ಬ್ಲೇಡ್ ಬದಲಿಸುವ ದಿನವೇ ಪೈಪನ್ನು ಬಾಗಿಸಿ ಬಿರುಕು ನೋಡಿ, ಚೆಕ್ ವಾಲ್ವ್ ಊದಿ ನೋಡಿ.